ಸ್ತಂಭಾಲೇಖದಲ್ಲಿ ಕಾಣದ ಹೆಸರುಗಳು

ಲಕ್ಕವಳ್ಳಿಯಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ಘಟಕ ನನ್ನ ಪಾಲಿಗೆ ಬಂದಿತ್ತು. ಕ್ರಿಕೆಟ್ ರನ್‌ಗಳ ಬದಲು ಒಂದು ಯುದ್ಧಚಿತ್ರದಿಂದ ದತ್ತಾಂಶ ಕೊಡೋಣವೆಂದುಕೊಂಡೆ. ಅದು ನಮ್ಮಲ್ಲಿ ಹೆಚ್ಚಿನವರು ನೋಡಿರದ, ಎಲೆಮ್ ಕ್ಲಿಮೊವ್ ನಿರ್ದೇಶನದ 'ಕಮ್ ಅಂಡ್ ಸೀ' (1985). ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಬೆಲಾರೂಸಿನ ಹಳ್ಳಿಗಳನ್ನು ಜನರ ಸಮೇತ ಸುಟ್ಟದ್ದನ್ನು ಅದು ಹದಿಹರೆಯದ ಹುಡುಗನೊಬ್ಬನ ಕಣ್ಣಿನಿಂದ ತೋರಿಸುತ್ತದೆ. ಹಾಗೆ ಸುಟ್ಟ ಹಳ್ಳಿಗಳು 628 ಎಂದು ಕೊನೆಯಲ್ಲಿ ಹೇಳುತ್ತದೆ. ಚಿತ್ರಕಥೆ ಬರೆದವರಲ್ಲೊಬ್ಬರಾದ ಅಲೆಸ್ ಅದಮೊವಿಚ್ ಅದಕ್ಕೂ ಮೊದಲೇ ಹಳ್ಳಿಹಳ್ಳಿ ಸುತ್ತಿ, ಬದುಕುಳಿದವರ ಮಾತುಗಳನ್ನು ಸಂಗ್ರಹಿಸಿದ್ದರು.

ಪಾಠಯೋಜನೆಯಲ್ಲಿ ಬೆಂಕಿಯ ದೃಶ್ಯವನ್ನೂ ಸೇರಿಸಿದ್ದೆ. ಮಾರ್ಗದರ್ಶಿ ಶಿಕ್ಷಕರು, "ಇದರಿಂದ ಮಕ್ಕಳು ಕಲಿಯುವುದೇನು, ಹೆದರಿಕೆಯೇ?" ಎಂದು ಕೇಳಿದರು. ಆ ಹಂತವನ್ನು ಹೊಡೆದುಹಾಕಿ, ಕಥೆಯನ್ನು ಮಾತಿನಲ್ಲೇ ಹೇಳಿದೆ. ನಂತರ ಖತೀನ್ ಹಳ್ಳಿಯ ಅಂಕಿ ಕೊಟ್ಟೆ. 1943ರ ಮಾರ್ಚ್ 22ರಂದು ಅಲ್ಲಿ ಸತ್ತವರು 149, ಅವರಲ್ಲಿ ಮಕ್ಕಳು 75.

ಎಲ್ಲರೂ 75 ಮತ್ತು 74ರ ಎರಡು ಸ್ತಂಭಗಳನ್ನು ಅಚ್ಚುಕಟ್ಟಾಗಿ ಬರೆದರು. ನಾನು "ತುಂಬಾ ಚೆನ್ನಾಗಿದೆ" ಎಂದೆ. ಹೇಳಿದ ಮೇಲೆ ನನಗೇ ಮುಜುಗರವಾಯಿತು. ಆಗ ಒಬ್ಬ ಹುಡುಗಿ, "ಮಿಸ್, ಅವರಿಗೆ ಹೆಸರಿರಲಿಲ್ಲವಾ?" ಎಂದಳು.

ಖತೀನ್ ಸ್ಮಾರಕದಲ್ಲಿ ಮನೆಗೊಂದರಂತೆ 26 ಗಂಟೆಗಳಿವೆ, ಅಲ್ಲಿದ್ದವರ ಹೆಸರುಗಳನ್ನೂ ಕೆತ್ತಿದ್ದಾರೆ ಎಂದೆ. ಅದೇ ತಿಂಗಳು ನಮ್ಮ ಪಕ್ಕದ ಜಿಲ್ಲೆಯ ಈಸೂರಿನ ಐವರನ್ನು ಗಲ್ಲಿಗೇರಿಸಿದ್ದರೆಂದು ಹೇಳಿ, ಕಪ್ಪುಹಲಗೆಯ ಮೇಲೆ ಬರೆದೆ: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. 1942ರ ಚಳವಳಿಯಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತ್ತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಬಳಿಕ ಪೊಲೀಸರು, ಸೈನಿಕರು ಊರಿಗೆ ನುಗ್ಗಿದರು, ಜನ ಕಾಡಿಗೆ ಓಡಿದರು. ಎರಡು ಊರುಗಳ ಕಥೆ ಒಂದೇ ಅಲ್ಲ ಎಂದೂ ಸ್ಪಷ್ಟಪಡಿಸಿದೆ.

"ಆ ಇಬ್ಬರ ಹೆಸರು?" ಅದೇ ಹುಡುಗಿ ಮತ್ತೆ ಕೇಳಿದಳು. ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಮರುದಿನ ಹುಡುಕಿಕೊಂಡು ಬಂದು, ಆ ಐದು ಹೆಸರುಗಳ ಕೆಳಗೇ ಬರೆದೆ: ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ.

ಪ್ರತಿಫಲನ: ಆಲೇಖ ರಚನೆಯ ಉದ್ದೇಶ ಈಡೇರಿತು. ಆದರೆ ಸಾವಿನ ಅಂಕಿಗಳನ್ನು ದತ್ತಾಂಶವಾಗಿ ಬಳಸುವವರು ಆ ಅಂಕಿಗಳ ಹಿಂದಿನ ಹೆಸರುಗಳನ್ನೂ ತಿಳಿದುಕೊಂಡೇ ತರಗತಿಗೆ ಹೋಗಬೇಕು, ಎರಡೂ ಕಡೆಯವರದ್ದು. ಮುಂದಿನ ಪಾಠಯೋಜನೆಯಲ್ಲಿ ಇದನ್ನು ಪೂರ್ವಸಿದ್ಧತೆಯ ಮೊದಲ ಅಂಶವಾಗಿ ಬರೆದುಕೊಂಡಿದ್ದೇನೆ.