ಹಿತ್ತಲ ಕೋಳಿಗಳ ತಳಿ ಆಯ್ಕೆ: ಮಾರಾಟಕ್ಕೆ ಮುನ್ನ ಬಿತ್ತನೆಯ ಹುಂಜ

ಯುಗಾದಿಯ ಮರುದಿನದ ಹೊಸತೊಡಕು ಹಾಗೂ ಗ್ರಾಮದೇವತೆಗಳ ಜಾತ್ರೆಯ ಸಂದರ್ಭಗಳಲ್ಲಿ ನಾಟಿ ಕೋಳಿಗೆ ಬರುವ ಬೇಡಿಕೆಯನ್ನು ವರ್ತಕ ಬಂಧುಗಳಿಗೆ ವಿವರಿಸಬೇಕಾದುದಿಲ್ಲ. ಆ ದಿನಗಳಲ್ಲಿ ವ್ಯಾಪಾರಿಯು ಹಳ್ಳಿಯ ಹಿತ್ತಲಿಗೆ ಹೋಗಿ ಕೊಳ್ಳುವುದು ಮೈತುಂಬಿದ, ಬೇಗ ಬೆಳೆದ ಹುಂಜಗಳನ್ನು. ಹಿಂದೆ ಉಳಿಯುವುದು ತೂಕಕ್ಕೆ ಬಾರದ ಹುಂಜ. ಮುಂದಿನ ಮರಿಗಳಿಗೆ ಅದೇ ತಂದೆ. ಯಾರೂ ಉದ್ದೇಶಿಸದಿದ್ದರೂ ಇದೂ ಒಂದು ತಳಿ ಆಯ್ಕೆಯೇ ಆಗಿದ್ದು, ಅದು ನಮಗೆ ಬೇಡವಾದ ದಿಕ್ಕಿನಲ್ಲಿ ನಡೆಯುತ್ತಿರುತ್ತದೆ.

ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿದೆ. ಹಕ್ಕಿಗಳ ನಡುವಣ ವ್ಯತ್ಯಾಸದಲ್ಲಿ ಸ್ವಲ್ಪ ಭಾಗ ಮಾತ್ರ ಮರಿಗಳಿಗೆ ಇಳಿಯುತ್ತದೆ. ಉಳಿದುದು ಮೇವು, ಋತು ಮತ್ತು ಆರೈಕೆಯ ಫಲ. ದೇಹತೂಕದ ವಿಷಯದಲ್ಲಿ ಈ ಅನುವಂಶೀಯ ಭಾಗವನ್ನು ಸುಮಾರು ಶೇಕಡಾ 40 ಎಂದಿಟ್ಟುಕೊಳ್ಳಬಹುದು. ಉದಾಹರಣೆಗೆ, ಆರಿಸಿದ ಹುಂಜವೂ ಹೇಂಟೆಗಳೂ ತಂತಮ್ಮ ವರ್ಗದ ಸರಾಸರಿಗಿಂತ 200 ಗ್ರಾಂ ಹೆಚ್ಚು ತೂಗಿದರೆ ಮರಿಗಳ ಸರಾಸರಿ ಸುಮಾರು 80 ಗ್ರಾಂ ಏರುತ್ತದೆ. ಹುಂಜವನ್ನು ಮಾತ್ರ ಆರಿಸಿದರೆ ಏರಿಕೆ 40 ಗ್ರಾಂ. ಅದೇ ರೀತಿ, ಜಾತ್ರೆಯ ನಂತರ ಉಳಿದ ಹುಂಜವು ಸರಾಸರಿಗಿಂತ 200 ಗ್ರಾಂ ಕಡಿಮೆಯದಾಗಿದ್ದರೆ ಪ್ರತಿ ಪೀಳಿಗೆಯಲ್ಲಿ 40 ಗ್ರಾಂ ಕೈಬಿಟ್ಟಂತೆ. ಆದರೆ ಒಂದೇ ವಾರ ಒಡೆದು, ಒಂದೇ ಮೇವು ತಿಂದು ಬೆಳೆದ ಹಕ್ಕಿಗಳನ್ನಷ್ಟೇ ಹೋಲಿಸತಕ್ಕದ್ದು. ತಡವಾಗಿ ಹುಟ್ಟಿದ್ದರಿಂದ ಸಣ್ಣದಾಗಿ ಕಾಣುವ ಹುಂಜವು ತಳಿಯಲ್ಲಿ ಕೀಳೇನೂ ಅಲ್ಲ.

ಮೊಟ್ಟೆಯ ಸಂಖ್ಯೆಯ ವಿಷಯ ಇಷ್ಟು ಸುಲಭವಲ್ಲ. ಅದರ ಅನುವಂಶೀಯ ಭಾಗವು ತೂಕಕ್ಕಿಂತ ಬಹಳ ಕಡಿಮೆ. ಮೇಲಾಗಿ ಹುಂಜವು ಮೊಟ್ಟೆಯಿಡುವುದಿಲ್ಲವಾದರೂ ಮಗಳ ಗುಣದಲ್ಲಿ ಅರ್ಧ ಪಾಲು ಅದರದೇ. ಆದ್ದರಿಂದ ಹುಂಜದ ಜುಟ್ಟು, ನಡಿಗೆ ನೋಡಿ ಮೆಚ್ಚುವುದಕ್ಕಿಂತ ಅದರ ತಾಯಿ ಮತ್ತು ಸೋದರಿಯರ ಲೆಕ್ಕಪುಸ್ತಕವನ್ನು ನೋಡುವುದು ಮೇಲು. ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಯಾವ ಹೇಂಟೆ ಯಾವ ದಿನ ಇಟ್ಟಿತೆಂಬುದನ್ನು ಬರೆದಿಡುವ ಒಂದು ನೋಟುಪುಸ್ತಕ ಸಾಕು. ಅಷ್ಟೂ ಆಗದಿದ್ದಲ್ಲಿ, ತಡವಾಗಿ ಗರಿ ಉದುರಿಸಿ ಬೇಗ ಹೊಸ ಗರಿ ಮೂಡಿಸಿಕೊಳ್ಳುವ ಹೇಂಟೆಯು ಸಾಮಾನ್ಯವಾಗಿ ಚೆನ್ನಾಗಿ ಇಡುವಂತಹುದು ಎಂಬುದನ್ನು ನೆನಪಿನಲ್ಲಿಡಬಹುದು. ಇಲ್ಲಿ ಇನ್ನೊಂದು ತೊಡಕಿದೆ: ಮೊಟ್ಟೆಗಾಗಿಯೇ ಆರಿಸುತ್ತ ಹೋದರೆ ಕಾವು ಕೂರುವ ಗುಣ ಕುಗ್ಗುತ್ತದೆ. ಬಿಳಿ ಲೆಗ್‌ಹಾರ್ನ್ ತಳಿಯಲ್ಲಿ ಆದದ್ದು ಇದೇ. ಯಂತ್ರವಿಲ್ಲದ ಮನೆಯಲ್ಲಿ 21 ದಿನ ಕದಲದೆ ಕೂರುವ ಹೇಂಟೆಯೇ ಹ್ಯಾಚರಿ. ಅದನ್ನು ಕಳೆದುಕೊಂಡು ಹತ್ತಿಪ್ಪತ್ತು ಮೊಟ್ಟೆ ಗಳಿಸುವುದು ಲಾಭವೇ ಎಂಬುದನ್ನು ಅವರವರೇ ತೂಗಿ ನೋಡಬೇಕು.

ಒಳ್ಳೆಯ ಹುಂಜ ದೊರೆಯಿತೆಂದು ಅದೊಂದನ್ನೇ ನೆಚ್ಚುವುದೂ ಅಪಾಯಕರ. ಒಂದು ಹುಂಜ, ಹತ್ತು ಹೇಂಟೆಗಳ ಮುಚ್ಚಿದ ಹಿಂಡಿನಲ್ಲಿ ಒಳಸಂತಾನದ ಪ್ರಮಾಣ ಪ್ರತಿ ಪೀಳಿಗೆಗೆ ಸುಮಾರು ಶೇಕಡಾ 14ರಂತೆ ಏರುತ್ತದೆ. ಐದು ಹುಂಜ, ಐವತ್ತು ಹೇಂಟೆಗಳಾದರೆ ಅದು ಶೇಕಡಾ 3ಕ್ಕಿಂತ ಕಡಿಮೆ. ಒಳಸಂತಾನ ಹೆಚ್ಚಿದಂತೆ ಮೊಟ್ಟೆ ಒಡೆಯುವುದು ಕಡಿಮೆಯಾಗಿ, ಮರಿಗಳ ಸಾವು ಹೆಚ್ಚುತ್ತದೆ. ಐದು ಮನೆಗಳು ಸೇರಿ ವರ್ಷಕ್ಕೊಮ್ಮೆ ಹುಂಜಗಳನ್ನು ಗೊತ್ತಾದ ಸರದಿಯಲ್ಲಿ ಬದಲಾಯಿಸಿಕೊಂಡರೆ ಖರ್ಚಿಲ್ಲದೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಗಿರಿರಾಜ ಕೋಳಿಯನ್ನು ತಂದು ಅದರಿಂದಲೇ ತಳಿ ಮುಂದುವರಿಸಬಹುದಲ್ಲವೇ ಎಂದು ಕೇಳುವವರುಂಟು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯವು ಅಭಿವೃದ್ಧಿಪಡಿಸಿದ ಗಿರಿರಾಜವೂ, 2005ರಲ್ಲಿ ಬಂದ ಸ್ವರ್ಣಧಾರವೂ ಹಿತ್ತಲಿಗೆ ಯೋಗ್ಯವಾದ ಹಕ್ಕಿಗಳೇ ಸರಿ. ಆದರೆ ಅವು ಮಿಶ್ರತಳಿಗಳು. ಅವುಗಳ ಮೊಟ್ಟೆಯಿಂದ ಮರಿ ಮಾಡಿದರೆ ಮೊದಲ ಪೀಳಿಗೆಯ ಕಸುವು ಉಳಿಯದೆ, ಮರಿಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ. ಅವನ್ನು ಸಾಕುವವರು ಪ್ರತಿ ಬಾರಿಯೂ ಮರಿ ಕೊಳ್ಳುವ ವೆಚ್ಚವನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳತಕ್ಕದ್ದು.

ಬಣ್ಣ, ಬೋಳುಕತ್ತು ಮುಂತಾದ ಗುಣಗಳು ಒಂದೆರಡು ಪೀಳಿಗೆಗಳಲ್ಲೇ ಹಿಡಿತಕ್ಕೆ ಬರುತ್ತವೆ. ಬೋಳುಕತ್ತಿನ ಕೋಳಿಗೆ ಗರಿ ಕಡಿಮೆಯಾದ್ದರಿಂದ ಬಿಸಿಲು ನಾಡಿನಲ್ಲಿ ಅದು ಸೆಖೆಯನ್ನು ಚೆನ್ನಾಗಿ ತಾಳುತ್ತದೆ. ಗ್ರಾಹಕನು ಅದನ್ನು ಮೆಚ್ಚುವನೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಕ್ಷೇಮ.

ಮಾರಾಟದ ಕ್ರಮವನ್ನು ಬದಲಿಸುವುದು ವರ್ತಕರ ಕೈಯಲ್ಲೂ ಇದೆ. ಜಾತ್ರೆಗೆ ಒಂದು ತಿಂಗಳು ಮೊದಲೇ ಹಿಂಡಿನ ಉತ್ತಮ ಹುಂಜಗಳನ್ನು ತೂಗಿ, ಉಂಗುರ ತೊಡಿಸಿ ಮಾರಾಟದಿಂದ ಹೊರಗಿಡುವಂತೆ ಸಾಕಣೆದಾರರೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಸಂತಾನದ ಕೆಲಸ ಮುಗಿದ ನಂತರ ಅದೇ ಹುಂಜಗಳನ್ನು ಮೊದಲೇ ಗೊತ್ತುಮಾಡಿದ ದರಕ್ಕೆ ಕೊಳ್ಳುವ ಭರವಸೆಯನ್ನು ವರ್ತಕನು ಬರವಣಿಗೆಯಲ್ಲಿ ಕೊಟ್ಟರೆ, ಕೈಗೆ ಬಂದ ಹಣವನ್ನು ಮುಂದೂಡಲು ಸಾಕಣೆದಾರನು ಹಿಂಜರಿಯಲಾರನು.