ಹಿಂದಚ್ಚಿನ ಎಣ್ಣೆ

ಎತ್ತಿನ ಗಾಡಿಯನ್ನು ದೂರದ ಪಯಣಕ್ಕೆ ಹೂಡುವ ಮುನ್ನ ರೈತನು ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ. ಮರೆತರೆ ಗಾಲಿಯೇ ಕಿರುಗುಟ್ಟಿ ಅವನನ್ನು ಎಚ್ಚರಿಸುತ್ತದೆ. ಮೋಟಾರು ವಾಹನದ ಹಿಂದಚ್ಚಿಗೂ ಎಣ್ಣೆ ಬೇಕು. ಆದರೆ ಅದು ಉಕ್ಕಿನ ಕೋಶದೊಳಗೆ ಅಡಗಿರುವುದರಿಂದ, ಕಡಿಮೆಯಾದರೂ ಬೇಗನೆ ತಿಳಿಯುವುದಿಲ್ಲ. ಪೆಟ್ರೋಲು ಮುಗಿಯುತ್ತ ಬಂದುದನ್ನು ಮುಳ್ಳು ತೋರಿಸುತ್ತದೆ. ಈ ಎಣ್ಣೆಗೆ ಸಾಮಾನ್ಯವಾಗಿ ಅಂತಹ ಮುಳ್ಳಿಲ್ಲ.

ಗಾಡಿಯ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಕಾರಿನಲ್ಲಾದರೋ ಎಂಜಿನ್ನೇ ಚಕ್ರಗಳನ್ನು ತಿರುಗಿಸಬೇಕು. ಹಿಂದಿನ ಎರಡು ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳೋಣ. ಕಾರು ಲಂಬಕೋನದ ತಿರುವೊಂದನ್ನು ದಾಟುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ದೂರ ಉರುಳುತ್ತದೆ. ಎರಡನ್ನೂ ಒಂದೇ ದಂಡಕ್ಕೆ ಬಿಗಿದಿದ್ದರೆ ಟೈರು ನೆಲಕ್ಕೆ ಉಜ್ಜಿ ಸವೆಯುತ್ತಿತ್ತು. ಎರಡಕ್ಕೂ ಬಲವನ್ನು ಹಂಚಿ, ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್.

2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಕೆಳಗೆ ಬಗ್ಗಿ ನೋಡಿದರೆ, ಹಿಂದಚ್ಚಿನ ನಡುವೆ ಗಡಿಗೆಯಂತೆ ಉಬ್ಬಿದ ಭಾಗವೊಂದು ಕಾಣುತ್ತದೆ. ಜೀಪು, ಲಾರಿಗಳಲ್ಲಿಯೂ ಇದು ಉಂಟು. ಇದರೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ವೀಲ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ದೊಡ್ಡ ಚಕ್ರದ ಕೆಳಭಾಗವು ಎಣ್ಣೆಯಲ್ಲಿ ಮುಳುಗಿದ್ದು, ತಿರುಗುತ್ತ ತಿರುಗುತ್ತ ಎಣ್ಣೆಯನ್ನು ಎಲ್ಲೆಡೆಗೂ ಎರಚುತ್ತದೆ. ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅವುಗಳ ನಡುವೆ ಉಳಿಯುವ ಎಣ್ಣೆಯ ತೆಳುಪದರವೇ ಅವುಗಳಿಗೆ ರಕ್ಷೆ. ಆದುದರಿಂದ ಎಂಜಿನ್ ಎಣ್ಣೆಯನ್ನು ಇಲ್ಲಿ ಸುರಿಯದೆ, ವಾಹನದ ಕೈಪಿಡಿಯು ಹೇಳಿದ ಗೇರ್ ಎಣ್ಣೆಯನ್ನೇ ಬಳಸಬೇಕು.

ಪರೀಕ್ಷೆಯ ಕ್ರಮ ಸರಳವಾದುದು. ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈಬ್ರೇಕು ಎಳೆದು, ಚಕ್ರಗಳಿಗೆ ಅಡೆ ಕೊಡಬೇಕು. ಬರಿಯ ಜಾಕಿಯನ್ನು ನಂಬಿ ಯಾರೂ ವಾಹನದ ಕೆಳಗೆ ನುಸುಳಬಾರದು. ಎಣ್ಣೆ ತಣಿದು ತಳಕ್ಕಿಳಿಯುವವರೆಗೆ ಕಾಯಬೇಕು. ಬಳಿಕ ತುಂಬುವ ರಂಧ್ರದ ಸುತ್ತಲಿನ ಧೂಳನ್ನು ಒರೆಸಿ ಬಿರಡೆಯನ್ನು ಬಿಚ್ಚಬೇಕು. ಇಲ್ಲವಾದರೆ ಧೂಳೆಲ್ಲ ಒಳಗೇ ಬೀಳುವುದು. ಅನೇಕ ವಾಹನಗಳಲ್ಲಿ ಆ ರಂಧ್ರದ ಕೆಳಅಂಚೇ ಎಣ್ಣೆಯ ಮಟ್ಟದ ಗುರುತು. ಕಿರುಬೆರಳನ್ನು ತೂರಿಸಿದಾಗ ಅಂಚಿನಲ್ಲಿಯೇ ಎಣ್ಣೆ ತಗುಲಿದರೆ ಸಾಕಷ್ಟು ಇದೆ ಎಂದರ್ಥ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಉಕ್ಕಿನ ಚೂರುಗಳಿದ್ದರೆ ಹಲ್ಲುಗಳು ಕೆಟ್ಟಿರಬಹುದು. ಇಂತಹ ವೇಳೆ ಬರಿದೆ ಎಣ್ಣೆ ತುಂಬಿದರೆ ಸಾಲದು, ನುರಿತ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಮಟ್ಟ ಇಳಿದಿದ್ದರೆ ರಂಧ್ರದ ಅಂಚಿನಿಂದ ಹೊರತುಳುಕುವವರೆಗೆ ತುಂಬಿ, ಹೆಚ್ಚಾದುದು ಸೋರಿಹೋದ ಮೇಲೆ ಬಿರಡೆಯನ್ನು ಬಿಗಿಯಬೇಕು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ನಿಜ. ಮಿತಿಮೀರಿದ ಎಣ್ಣೆಯು ಅಚ್ಚಿನ ತುದಿಯ ಸೀಲುಗಳನ್ನು ದಾಟಿ ಬ್ರೇಕಿನ ಪಟ್ಟಿಗಳನ್ನು ತೋಯಿಸಬಹುದು. ಬಿಸಿಯಾದ ಗಾಳಿ ಹೊರಹೋಗುವ ಸಣ್ಣ ರಂಧ್ರವು ಕೆಸರಿನಿಂದ ಕಟ್ಟಿಕೊಂಡರೂ ಹೀಗಾಗುವುದುಂಟು. ಎಣ್ಣೆ ಹತ್ತಿದ ಬ್ರೇಕು ಸರಿಯಾಗಿ ಹಿಡಿಯದು. ಎಣ್ಣೆ ಕಡಿಮೆಯಾದರೆ ಕೆಡುವುದು ಯಂತ್ರ. ಅದು ಬ್ರೇಕಿಗೆ ಇಳಿದರೆ ಅಪಾಯಕ್ಕೊಳಗಾಗುವುದು ಮನುಷ್ಯರ ಪ್ರಾಣ. ಆದುದರಿಂದ ಎಣ್ಣೆ ಕಡಿಮೆಯಾಗಿರುವಾಗ, ಅದು ಎಲ್ಲಿಗೆ ಹೋಯಿತೆಂದು ಚಕ್ರಗಳ ಒಳಬದಿಯನ್ನೂ ನೋಡಲೇಬೇಕು.

ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಡಿಫರೆನ್ಷಿಯಲ್ ಮುಂಭಾಗದಲ್ಲಿ ಗೇರುಪೆಟ್ಟಿಗೆಯೊಡನೆ ಕೂಡಿಕೊಂಡಿದೆ. ಸ್ಥಾನ ಬದಲಾದರೂ ಎಣ್ಣೆಯ ಅಗತ್ಯ ಬದಲಾಗಿಲ್ಲ. ಕಣ್ಣಿಗೆ ಕಾಣುವ ಬಣ್ಣವನ್ನು ಎಲ್ಲರೂ ಒರೆಸಿ ಹೊಳೆಯಿಸುತ್ತಾರೆ. ಕಾಣದುದನ್ನು ಕಾಲಕಾಲಕ್ಕೆ ವಿಚಾರಿಸಿಕೊಳ್ಳುವವನೇ ನಿಜವಾದ ಚಾಲಕ.

ಅಭ್ಯಾಸ

1. ತಿರುವಿನಲ್ಲಿ ಎರಡು ಚಕ್ರಗಳು ಒಂದೇ ವೇಗದಲ್ಲಿ ಉರುಳಿದರೆ ಏನಾಗುತ್ತದೆ?
2. ಬಿರಡೆಯನ್ನು ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಏಕೆ ಒರೆಸಬೇಕು?
3. 'ಅತಿಯಾದರೆ ಅಮೃತವೂ ವಿಷ' ಎಂಬ ಮಾತು ಈ ಪಾಠಕ್ಕೆ ಹೇಗೆ ಅನ್ವಯಿಸುತ್ತದೆ?