ಹಾಸ್ಯವೂ ಭಕ್ತಿಯೂ: ಒಂದು ಚಿತ್ರಪಟದ ವಿಚಾರ



ನಾವು ಪವಿತ್ರವೆಂದು ಎಣಿಸಿದ್ದನ್ನು ಕುರಿತು ಯಾರಾದರೂ ನಗೆಯಾಡಿದರೆ ನಾವು ಏನು ಮಾಡತಕ್ಕದ್ದು? ಕಿವಿ ಮುಚ್ಚಿಕೊಳ್ಳಬೇಕೋ, ಸಿಟ್ಟಿಗೇಳಬೇಕೋ, ಕೂಡಿ ನಗಬೇಕೋ? ಚಿತ್ರಪಟ ನೋಡಲು ಪಟ್ಟಣಕ್ಕೆ ಹೋಗಬೇಕಾಗಿದ್ದ ಕಾಲವು ಹೋಯಿತು. ಕೈಯೊಳಗಿನ ಫೋನಿನಲ್ಲಿಯೇ ಲೋಕದ ಚಿತ್ರಪಟಗಳೆಲ್ಲ ಮನೆಗೆ ಬರುತ್ತಿವೆ. ಮಗಳು ನೋಡಿ ನಕ್ಕದ್ದನ್ನು ತಾಯಿಯು ನೋಡಿ ನೊಂದುಕೊಳ್ಳುವದುಂಟು. ಆದಕಾರಣ ಅಂಥದೊಂದು ಚಿತ್ರಪಟವನ್ನು ನಾವೇ ಕಡೆಯವರೆಗೆ ನೋಡಿ, ನಮ್ಮ ಮನಸ್ಸಿನಲ್ಲಿ ಆದದ್ದನ್ನು ಮರೆಮಾಚದೆ ಇಲ್ಲಿ ಅರಿಕೆ ಮಾಡುತ್ತೇವೆ.

ಹಾಸ್ಯವು ನಮ್ಮ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ನಮ್ಮ ಚಡಚಣ, ಇಂಡಿ, ಸಿಂದಗಿ ಕಡೆಯವರೆಲ್ಲ ಬಲ್ಲ ದೊಡ್ಡಾಟದಲ್ಲಿ, ಕಿರೀಟ ಧರಿಸಿ ಬಂದ ಅರಸನನ್ನೂ ಸಾರಥಿಯು ತಡೆದು, ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳಿ ಕೂತವರನ್ನು ನಗಿಸುವನು. ಅದರಿಂದ ಅರಸನ ಮಾನವು ಕುಂದುವದಿಲ್ಲ. ಬಾಗೇವಾಡಿಯ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ, ಕಲ್ಲಿನ ಹಾವಿಗೆ ಒಂದು ನಡತೆ, ಜೀವದ ಹಾವಿಗೆ ಇನ್ನೊಂದು ನಡತೆ ತೋರಿಸುವವರ ಭಕ್ತಿಯನ್ನು ಹರಿತವಾದ ಮಾತಿನಿಂದ ಅಣಕಿಸಿದರು. ಸತ್ಯವೇದವೂ ಇದಕ್ಕೆ ಹೊರತಲ್ಲ. ಕರ್ಮೆಲ್ ಬೆಟ್ಟದ ಮೇಲೆ ಎಲೀಯನು ಬಾಳನ ಪ್ರವಾದಿಗಳನ್ನು ಹಾಸ್ಯ ಮಾಡಿದನು. ಸೊಳ್ಳೆಗೆ ಅಂಜಿ ಒಂಟೆಯನ್ನು ನುಂಗುವ ಶಾಸ್ತ್ರಿಗಳ ಚಿತ್ರವನ್ನು ಬರೆದವನು ನಮ್ಮ ಕರ್ತನೇ. ಕಪಟವನ್ನು ಕುರಿತ ನಗೆಯು ಧರ್ಮಕ್ಕೆ ವೈರಿಯಲ್ಲವೆಂಬದು ಇದರಿಂದ ಸಿದ್ಧವಾಗುವದು.

ನಾವು ನೋಡಿದ ಚಿತ್ರಪಟದ ಹೆಸರು ‘ಲೈಫ್ ಆಫ್ ಬ್ರಾಯನ್’. ಇಂಗ್ಲೆಂಡಿನ ಮಾಂಟಿ ಪೈಥಾನ್ ಎಂಬ ಆರು ಮಂದಿ ಹಾಸ್ಯಗಾರರ ಮೇಳವು ಇದನ್ನು ಟುನೀಸಿಯಾ ದೇಶದಲ್ಲಿ ಚಿತ್ರಿಸಿ 1979ರಲ್ಲಿ ಹೊರಗೆ ತಂದಿತು. ಅವರಲ್ಲಿ ಒಬ್ಬರಾದ ಟೆರಿ ಜೋನ್ಸ್ ಇದರ ನಿರ್ದೇಶಕರು. ಹಣ ಕೊಡಬೇಕಾಗಿದ್ದ ಸಂಸ್ಥೆಯು ಕಥೆಯನ್ನು ಓದಿ ಹಿಂದೆಗೆಯಲು, ಗಾಯಕ ಜಾರ್ಜ್ ಹ್ಯಾರಿಸನ್ ಹಣವನ್ನು ಒದಗಿಸಿಕೊಟ್ಟರು. ನಾರ್ವೆಯಲ್ಲಿ 1980ರಲ್ಲಿ ಇದಕ್ಕೆ ನಿಷೇಧವಾಯಿತು. ಐರ್ಲೆಂಡಿನಲ್ಲಿ 1987ರವರೆಗೂ ನಿಷೇಧವಿದ್ದಿತು.

ಕಥಾನಾಯಕನಾದ ಬ್ರಾಯನ್ನನು ಕ್ರಿಸ್ತನಲ್ಲ. ಕ್ರಿಸ್ತನು ಹುಟ್ಟಿದ ಕಾಲಕ್ಕೇ ನೆರೆಯ ಕೊಟ್ಟಿಗೆಯಲ್ಲಿ ಹುಟ್ಟಿದ ಬಡವ. ಸ್ವಾಮಿಯು ಬೆಟ್ಟದ ಮೇಲೆ ಬೋಧಿಸುವ ದೃಶ್ಯದಲ್ಲಿ ಆತನನ್ನು ಗೌರವದಿಂದಲೇ ತೋರಿಸಿದ್ದಾರೆ. ಹಾಸ್ಯವಿರುವದು ಗುಂಪಿನ ಹಿಂದೆ ನಿಂತವರಲ್ಲಿ. ಅವರಿಗೆ ಮಾತು ಸರಿಯಾಗಿ ಕೇಳಿಸದು, ತಪ್ಪಾಗಿ ಕೇಳಿದ ಮಾತಿಗೇ ಒಬ್ಬನು ಗಂಭೀರವಾಗಿ ಭಾಷ್ಯ ಹೇಳುವನು, ಮಿಕ್ಕವರು ಜಗಳಾಡುವರು. ಮುಂದೆ ಜನರು ಬ್ರಾಯನ್ನನನ್ನೇ ರಕ್ಷಕನೆಂದು ಬೆನ್ನಟ್ಟುವರು. ಆತನ ಒಂದು ಕೆರವು ಬಿದ್ದರೆ ಅದನ್ನು ಎತ್ತಿ ಹಿಡಿಯುವ ಪಂಗಡವೊಂದು, ಸೋರೆಬುರುಡೆಯನ್ನು ಹಿಡಿಯುವ ಪಂಗಡವೊಂದು. ಪ್ರತಿಯೊಬ್ಬರೂ ತಾವೇ ವಿಚಾರ ಮಾಡಬೇಕೆಂದು ಆತನು ಹೇಳಿದರೆ, ಎಲ್ಲರೂ ಒಂದೇ ಕಂಠದಿಂದ ಹೌದೆನ್ನುವರು. ಇಲ್ಲಿ ನಾವು ನಕ್ಕೆವು. ನಕ್ಕ ಮೇಲೆ ನಾಚಿದೆವು. ಸಭೆಸಭೆಗಳ ಒಳಗಿನ ಒಡಕುಗಳನ್ನು ಕಂಡ ನಮಗೆ ಆ ಕೆರವು ಪರದೇಶದ್ದೆಂದು ತೋರಲಿಲ್ಲ.

ಆದರೆ ನಗಲಾರದ ಸ್ಥಳಗಳೂ ಉಂಟು. ಬತ್ತಲೆತನವೂ ಹೊಲಸು ಮಾತುಗಳೂ ಇವೆ. ಚಿಕ್ಕ ಮಕ್ಕಳಿಗೆ ಇದು ಸರ್ವಥಾ ತಕ್ಕದ್ದಲ್ಲ. ಗುಣವಾದ ಕುಷ್ಠರೋಗಿಯೊಬ್ಬನು ತನ್ನ ಭಿಕ್ಷೆಯ ಗಳಿಕೆ ಹೋಯಿತೆಂದು ಗೊಣಗುವದು ನಮಗೆ ರುಚಿಸಲಿಲ್ಲ. ಎಲ್ಲಕ್ಕೂ ಮಿಗಿಲಾಗಿ ಕಡೆಯ ದೃಶ್ಯ: ಸಾಲಾಗಿ ಶಿಲುಬೆಗೇರಿಸಲ್ಪಟ್ಟವರು ಕೂಡಿ ಉಲ್ಲಾಸದ ಹಾಡು ಹಾಡುವರು. ಶಿಲುಬೆಯು ಆ ಕಾಲದ ಸಾಮಾನ್ಯ ದಂಡನೆಯೆಂದು ಸಮಾಧಾನ ಹೇಳಬಹುದು. ಹೌದು, ಕ್ರಿಸ್ತಪೂರ್ವ 71ರಲ್ಲಿ ದಂಗೆಯೆದ್ದ ಗುಲಾಮರಲ್ಲಿ ಆರು ಸಾವಿರ ಜನರನ್ನು ರೋಮನರು ಹೆದ್ದಾರಿಯ ಬದಿಗೆ ಶಿಲುಬೆಗೇರಿಸಿದರು. ನಮ್ಮ ಕರ್ತನ ಮಾತು ಒತ್ತಟ್ಟಿಗಿರಲಿ, ಆ ಬಡವರ ನೋವೇ ನಗೆಯ ವಸ್ತುವಲ್ಲ. ಅಲ್ಲಿ ನಾವು ತಲೆ ತಗ್ಗಿಸಿ ಕುಳಿತೆವು.

ಆಗಿನ ಕ್ರೈಸ್ತರು ಏನು ಮಾಡಿದರು? 1979ರ ನವೆಂಬರದಲ್ಲಿ ಬಿಬಿಸಿಯ ದೂರದರ್ಶನ ಸಭೆಯಲ್ಲಿ ಲೇಖಕ ಮ್ಯಾಲ್ಕಮ್ ಮಗರಿಜ್ ಹಾಗೂ ಸದರ್ಕಿನ ಬಿಷಪ್ ಮರ್ವಿನ್ ಸ್ಟಾಕ್‌ವುಡ್ ಇವರು ಈ ಮೇಳದ ಜಾನ್ ಕ್ಲೀಸ್, ಮೈಕೆಲ್ ಪೇಲಿನ್ ಇವರನ್ನು ಕಟುವಾಗಿ ಖಂಡಿಸಿದರು. ಆದರೆ ಆ ಹಿರಿಯರು ತಡವಾಗಿ ಬಂದು ಚಿತ್ರಪಟದ ಮೊದಲ ಭಾಗವನ್ನೇ ನೋಡಿರಲಿಲ್ಲವೆಂದು ವರದಿಯುಂಟು. ಪೂರ್ತಿ ನೋಡದೆ ಕೊಟ್ಟ ತೀರ್ಪು ನ್ಯಾಯವಾದದ್ದಾದರೂ ಬಲಹೀನವಾಗುವದು. ನಮ್ಮ ದೇಶದಲ್ಲಿಯೂ 2012ರಲ್ಲಿ ‘ಕಮಾಲ್ ಧಮಾಲ್ ಮಾಲಾಮಾಲ್’ ಎಂಬ ಹಿಂದಿ ಹಾಸ್ಯ ಚಿತ್ರಪಟದಲ್ಲಿ ಪಾದ್ರಿಗಳನ್ನು ಹಗುರಾಗಿ ತೋರಿಸಿದ್ದಾರೆಂದು ಮುಂಬಯಿಯ ಕ್ರೈಸ್ತರು ಪ್ರತಿಭಟಿಸಲು, ಕೆಲವು ದೃಶ್ಯಗಳನ್ನು ತೆಗೆಯಲು ನಿರ್ಮಾಪಕರು ಒಪ್ಪಿದರು.

ಇನ್ನು ನಮ್ಮ ಪಾಠ. ಇಂಥ ಚಿತ್ರಪಟವು ಎದುರಾದಾಗ ತಾಯಿಮಕ್ಕಳು ಮೂರು ಪ್ರಶ್ನೆಗಳನ್ನು ಕೂಡಿ ವಿಚಾರಿಸಲಿ.

ಒಂದನೆಯದು, ನಗೆಯು ಯಾರ ಮೇಲೆ ಬೀಳುತ್ತದೆ? ಕಪಟಿಯ ಮೇಲೋ, ನೊಂದವನ ಮೇಲೋ?

ಎರಡನೆಯದು, ನಕ್ಕ ಮೇಲೆ ನಾವು ತಿದ್ದಿಕೊಂಡೆವೋ, ಬರಿದೆ ಹಗುರಾದೆವೋ?

ಮೂರನೆಯದು, ಇದೇ ನಗೆಯನ್ನು ನೆರೆಯವರ ದೇವರ ಮೇಲೆ ಆಡಿದ್ದರೆ ನಾವು ನೊಂದುಕೊಳ್ಳುತ್ತಿದ್ದೆವೋ?

ಮೂರನೆಯ ಪ್ರಶ್ನೆಯೇ ನಮಗೆ ಹೆಚ್ಚು ನಾಟಿತು. ಹಿಂದೆ ಮಿಶನರಿಗಳು ಸಂತೆ ಜಾತ್ರೆಗಳಲ್ಲಿ ಹಂಚಿದ ಕಿರುಹೊತ್ತಿಗೆಗಳಲ್ಲಿ ಕೆಲವು, ನೆರೆಯವರ ಪೂಜೆಯನ್ನು ಹಳಿದು ನಗೆಗೀಡು ಮಾಡಿದವು. ಓದಿದವರ ಎದೆಯು ಹೇಗೆ ನೊಂದಿತೆಂಬದನ್ನು ನಮ್ಮ ಹಿರಿಯರು ಬಹಳವಾಗಿ ಎಣಿಸಲಿಲ್ಲ. ಈ ಚಿತ್ರಪಟದ ಕಡೆಯ ಹಾಡು ನಮಗೆ ಆ ನೋವನ್ನು ತಿಳಿಸಿಕೊಟ್ಟಿತು. ಅಷ್ಟರಮಟ್ಟಿಗೆ ಅದಕ್ಕೆ ನಾವು ಋಣಿಗಳು.

ಶಿಲುಬೆಯ ಕೆಳಗೆ ನಿಂತು ನಕ್ಕವರು ಅಂದೂ ಇದ್ದರು. ಲೂಕನು 23ನೆಯ ಅಧ್ಯಾಯದಲ್ಲಿ ಅವರನ್ನೂ, ತನ್ನನ್ನು ಶಿಲುಬೆಗೇರಿಸಿದವರ ಸಲುವಾಗಿ ಕರ್ತನು ಮಾಡಿದ ಪ್ರಾರ್ಥನೆಯನ್ನೂ ಒಂದರ ಬಳಿಯಲ್ಲೊಂದು ಬರೆದಿದ್ದಾನೆ. ಆತನು ಆ ನಗೆಯಿಂದ ಕುಂದಲಿಲ್ಲ. ಆತನ ಮಾನವನ್ನು ನಮ್ಮ ಸಿಟ್ಟು ಕಾಯಬೇಕಾಗಿಲ್ಲ. ನಮ್ಮ ನಡತೆಯು ಅದನ್ನು ಕೆಡಿಸದಿದ್ದರೆ ಸಾಕು. ಆದ್ದರಿಂದ ತಾಯಂದಿರೇ, ಮಗಳು ನಕ್ಕಳೆಂದು ಫೋನನ್ನು ಕಸಿದುಕೊಳ್ಳುವ ಮೊದಲು ಅವಳ ಪಕ್ಕದಲ್ಲಿ ಕುಳಿತು ನೋಡಿರಿ. ಎಲ್ಲಿ ನಿಮ್ಮ ಮನಸ್ಸು ನೊಂದಿತೆಂಬದನ್ನು ಅವಳಿಗೆ ಹೇಳಿರಿ. ಅವಳು ಯಾಕೆ ನಕ್ಕಳೆಂಬದನ್ನೂ ಕೇಳಿರಿ.